ಮಾಸ್ಟರ್ ಕತ್ತರಿಸಿದ ಐದು ಎಲೆ

ನನ್ನ ಗಂಡನನ್ನು ಬೀದಿಗೆ ಬೀದಿಯೇ ಮಾಸ್ಟರ್ ಎನ್ನುತ್ತದೆ. ಪಾಠ ಹೇಳುವ ಮಾಸ್ಟರ್ ಅಲ್ಲ, ಬಟ್ಟೆ ಕತ್ತರಿಸುವ ಕಟಿಂಗ್ ಮಾಸ್ಟರ್. ಮದುವೆಯಾದ ಹೊಸದರಲ್ಲಿ ನಾನೂ ರೇಗಿಸಲೆಂದು ಹಾಗೆ ಕರೆದೆ, ಅದೇ ನಾಲಿಗೆಯ ಮೇಲೆ ಕೂತುಬಿಟ್ಟಿತು. ನಮ್ಮ ಟೈಲರ್ ಅಂಗಡಿಯಲ್ಲಿ ಅವರು ಕತ್ತರಿಸುತ್ತಿದ್ದರು, ನಾನು ಹೊಲಿಯುತ್ತಿದ್ದೆ, ಕಾಜಾ ಮಾವ ಗುಂಡಿ ಹಚ್ಚುತ್ತಿದ್ದ. ಈ ಮಾವ ನಮಗೆ ಯಾವ ಕಡೆಯಿಂದಲೂ ಮಾವನಲ್ಲ. ಆಯುಷ್ಯವೆಲ್ಲ ಅಂಗಿಗಳಿಗೆ ಕಾಜಾ ಹೊಲಿದು ಆ ಹೆಸರು ಸಂಪಾದಿಸಿದ ಮುದುಕ. ಹಲ್ಲಿನ ನಡುವೆ ಸೂಜಿ ಇದ್ದಾಗ ಮಾತ್ರ ಅವನ ಬಾಯಿ ಸುಮ್ಮನಿರುತ್ತದೆ.

ಮಾಸ್ಟರ್ ಕತ್ತರಿ ಹಾಕಿದರೆ ನೋಡಬೇಕಿತ್ತು. ಸೀಮೆಸುಣ್ಣದಲ್ಲಿ ಒಂದು ಗೀಟು, ಆಮೇಲೆ ಮೇಜಿನ ಈ ತುದಿಯಿಂದ ಆ ತುದಿಯವರೆಗೆ ಒಂದೇ ಓಟ. ಅಂಚಿನಲ್ಲಿ ಒಂದು ಎಳೆ ಆಚೆ ಈಚೆ ಇರುತ್ತಿರಲಿಲ್ಲ. ಆ ದೊಡ್ಡ ಕತ್ತರಿ ಅವರ ಅಪ್ಪನದು, ಕರಿ ಹಿಡಿಯದು. ಅದರಲ್ಲಿ ಬಟ್ಟೆ ಬಿಟ್ಟು ಇನ್ನೇನನ್ನೂ ಕತ್ತರಿಸುವಂತಿಲ್ಲ. ಒಮ್ಮೆ ನಾನು ಅವಸರಕ್ಕೆ ಕಾಗದ ಕತ್ತರಿಸಿದ್ದಕ್ಕೆ ನನ್ನ ಜೊತೆ ಮಾತು ಬಿಟ್ಟಿದ್ದರು. ಮೂಗಿಗಿಂತ ಮೂಗುತಿ ಭಾರ ಎಂದು ನಾನೂ ಮುಖ ತಿರುಗಿಸಿದ್ದೆ. ನಮ್ಮ ಮನೆ ಕತ್ತರಿಯವರ ಮನೆ, ಆದರೆ ಅಡುಗೆಮನೆಗೆ ಒಂದು ಕತ್ತರಿ ಇಲ್ಲ, ಒಂದು ಬೇಕು ಎಂದು ನಾನು ಗೊಣಗುತ್ತಲೇ ಇದ್ದೆ. ಹಾಲಿನ ಪ್ಯಾಕೆಟ್ಟನ್ನು ನಾನು ಹಲ್ಲಲ್ಲೇ ಕಚ್ಚಿ ಹರಿಯುವುದು.

ಒಂದು ದಿನ ಬೆಳಿಗ್ಗೆ, ಯಾರದೋ ಕೋಟಿನ ಬಟ್ಟೆಯ ನಟ್ಟನಡುವೆ ಆ ಕತ್ತರಿ ನಿಂತುಬಿಟ್ಟಿತು. ನಾನು ಮಷೀನ್ ನಿಲ್ಲಿಸಿ ತಲೆ ಎತ್ತುವಷ್ಟರಲ್ಲಿ ಮಾಸ್ಟರ್ ಮೇಜಿನ ಮೇಲೆ ವಾಲಿದ್ದರು, ಬಾಯಿ ಒಂದು ಕಡೆಗೆ ಸೊಟ್ಟಗಾಗಿತ್ತು. ಲಕ್ವ. ಆಸ್ಪತ್ರೆಯಿಂದ ಮನೆಗೆ ಬಂದಾಗ ಕಾಲು ಎಳೆದುಕೊಂಡು ನಡೆಯುತ್ತಿದ್ದರು, ಮಾತು ತಡೆದು ತಡೆದು ಬರುತ್ತಿತ್ತು. ಬಲಗೈ ಮಾತ್ರ ಇನ್ನೊಬ್ಬರದನ್ನು ತಂದು ಜೋಡಿಸಿದ ಹಾಗೆ ಮಡಿಲಲ್ಲಿ ಬಿದ್ದಿರುತ್ತಿತ್ತು.

ಅಷ್ಟು ದಿನ ಅಂಗಡಿಗೆ ಬೀಗ. ಬೀಗ ತೆಗೆದಾಗ ಮೊದಲು ಕಂಡದ್ದು ಒಣಗಿದ ಬಳ್ಳಿ. ಟ್ರಯಲ್ ಕನ್ನಡಿಯ ಸುತ್ತ ಹಬ್ಬಿದ್ದ ಮನಿ ಪ್ಲಾಂಟ್, ಅಂಗಡಿ ತೆರೆದ ವರ್ಷ ಮಾಸ್ಟರೇ ಪೇಂಟಿನ ಡಬ್ಬಿಯಲ್ಲಿ ನೆಟ್ಟದ್ದು. ಹೆಸರಿಗೆ ಮನಿ ಪ್ಲಾಂಟ್, ಅದರಿಂದ ಒಂದು ಕಾಸು ಉದುರಿದ್ದನ್ನು ನಾನಂತೂ ಕಾಣೆ. ಆದರೂ ಗಿರಾಕಿಗಳಿಗೆ ಗುರುತು ಅದೇ, "ಕನ್ನಡಿ ಮೇಲೆ ಬಳ್ಳಿ ಇರೋ ಅಂಗಡಿ" ಅಂತ. ಎಲ್ಲ ಹಳದಿಯಾಗಿ ಉದುರಿ, ತುದಿಯಲ್ಲಿ ಒಂದು ಮೊಳ ಹಸಿರು ಉಳಿದಿತ್ತು, ಅದರಲ್ಲಿ ಐದು ಎಲೆ. ಅಷ್ಟನ್ನೇ ಮುರಿದು ಮನೆಗೆ ತಂದೆ.

ಮಾಸ್ಟರ್‌ಗೆ ವ್ಯಾಯಾಮ ಮಾಡಿಸಲು ಥೆರಪಿ ಹುಡುಗಿಯೊಬ್ಬಳು ಬರುತ್ತಿದ್ದಳು. ಎಡಗೈಗೂ ಕತ್ತರಿ ಹಿಡಿಯುವ ಅಭ್ಯಾಸ ಮಾಡಿಸಿ ಎಂದು ಹೇಳಿ ಹೋಗಿದ್ದಳು. ಹಳೇ ಕಾಗದ ಕೊಟ್ಟರೆ ಮುಟ್ಟಿಯೂ ನೋಡಲಿಲ್ಲ. ಬಳ್ಳಿಯನ್ನು ಕಂಡಾಗ ಮಾತ್ರ ಕೈ ಚಾಚಿದರು.

"ಕೊಡು. ನಾನು ಕತ್ತರಿಸ್ತೀನಿ."

ಅಭ್ಯಾಸಕ್ಕೆಂದು ಅಂಗಡಿಯಿಂದ ತಂದಿದ್ದ, ದಾರ ಕತ್ತರಿಸುವ ಚಿಕ್ಕ ಕತ್ತರಿಯನ್ನು ಎಡಗೈಗೆ ಕೊಟ್ಟೆ. ಬಲಗೈಗೆಂದೇ ಮಾಡಿದ ಕತ್ತರಿ ಎಡಗೈಯಲ್ಲಿ ಕತ್ತರಿಸುವುದಿಲ್ಲ, ಅಗಿಯುತ್ತದೆ. ಬೆವರು ಹರಿಯಿತು, ತುಟಿ ಕಚ್ಚಿಕೊಂಡರು, ಒಂದೊಂದು ಎಲೆಗೂ ಅಷ್ಟು ಹೊತ್ತು. ಆದರೂ ಮಾಸ್ಟರ್ ಮಾಸ್ಟರೇ. ಬಳ್ಳಿಯ ಮೇಲೆ ಎಲೆಯ ಬುಡದಲ್ಲೊಂದು ಗಂಟಿನಂಥ ಉಬ್ಬು, ಅದರಿಂದ ಹೊರಟ ಒರಟು ಕಂದು ಎಳೆ ಇತ್ತಲ್ಲ, ಅದನ್ನು ಕಂಡು ಮುಖ ಸಿಂಡರಿಸಿದರು. ನಮ್ಮ ಕಸುಬಿನಲ್ಲಿ ಗಂಟು, ಜೋತಾಡುವ ಎಳೆ, ಎರಡೂ ಅವಮಾನ. ಗಿರಾಕಿಗೆ ಕೊಡುವ ಮುಂಚೆ ಬಟ್ಟೆ ತಿರುವಿಹಾಕಿ ಅವನ್ನೆಲ್ಲ ಕತ್ತರಿಸಿ ತೆಗೆಯುವುದೇ ನನ್ನ ಕೊನೆಯ ಕೆಲಸ. ಹಾಗಾಗಿ ಅವರು ಉಬ್ಬನ್ನೆಲ್ಲ ಬಿಟ್ಟು ಎಲೆಯನ್ನೂ ಅದರ ನುಣುಪು ತೊಟ್ಟನ್ನೂ ಮಾತ್ರ ಬಿಡಿಸಿಕೊಂಡರು. ನಾನು "ಈಗ ನೀಟಾಯ್ತು ನೋಡಿ" ಎಂದು ಉಳಿದ ಬಳ್ಳಿಯ ಚೂರುಗಳನ್ನು ಗುಡಿಸಿ, ಬಟ್ಟೆ ಚಿಂದಿಯ ಚೀಲಕ್ಕೆ ಹಾಕಿದೆ. ಮಾರನೆಯ ದಿನ ಚಿಂದಿಯವನು ಚೀಲ ಒಯ್ದ.

ಐದು ಎಲೆಗಳನ್ನು ಗಾಜಿನ ಬಾಟಲಿಯ ನೀರಿನಲ್ಲಿ ನಿಲ್ಲಿಸಿ ಕಿಟಕಿಯಲ್ಲಿಟ್ಟೆವು. ಲಕ್ವ ಹೊಡೆದ ಮೇಲೆ ಮಾಸ್ಟರ್ ಕತ್ತರಿಸಿದ ಮೊದಲ ವಸ್ತು ಅದು. ಅವರು ಕಿಟಕಿಯ ಪಕ್ಕಕ್ಕೇ ಕುರ್ಚಿ ಹಾಕಿಸಿಕೊಂಡರು. ನೀರು ಬದಲಿಸುವುದೂ ಅವರೇ, ಎಡಗೈಯಲ್ಲಿ. ಅರ್ಧ ನೀರು ನೆಲಕ್ಕೆ, ಒರೆಸುವವಳು ನಾನು.

ಅಂಗಡಿಯಲ್ಲಿ ಕತ್ತರಿಸುವ ಕೆಲಸ ನನ್ನ ತಲೆಗೆ ಬಂತು. ಹೊಲಿಯುವವಳು ಕತ್ತರಿಸಲು ಹೋದರೆ ಏನಾಗುತ್ತದೋ ಅದೇ ಆಯಿತು. ಒಂದು ಅಂಗಿಯ ತೋಳು ಗಿಡ್ಡ, ಒಂದು ಪ್ಯಾಂಟಿನ ಕಾಲು ಉದ್ದ.

"ಗಿರಾಕಿಗೆ ಹೇಳಮ್ಮ," ಎಂದ ಕಾಜಾ ಮಾವ, "ಈ ಅಂಗಿ ಹಾಕಿದಾಗ ಒಂದು ಕೈ ಜೇಬಲ್ಲೇ ಇಟ್ಕೊಂಡಿರಪ್ಪಾ ಅಂತ."

ನಗು ಬಂತು. ಆದರೆ ಆ ಗಿರಾಕಿ ಮತ್ತೆ ಬರಲಿಲ್ಲ, ಅವನ ಹಿಂದೆ ಇನ್ನೂ ಕೆಲವರು. ಮಾವ ಸೂಜಿ ಕೆಳಗಿಟ್ಟು ನೇರವಾಗಿಯೇ ಹೇಳಿದ.

"ನನ್ನ ಅಳಿಯ ಇದ್ದಾನೆ. ಒಳ್ಳೇ ಕಟಿಂಗ್ ಕೈ. ನೀನು ಹೂಂ ಅಂದ್ರೆ ನಾಳೆನೇ ಬರ್ತಾನೆ. ಮಾಸ್ಟರ್ ಜಾಗ ಖಾಲಿ ಇಟ್ಕೊಂಡು ಎಷ್ಟು ದಿನ ಕೂರ್ತೀಯ?"

ಆ ಸಂಜೆ ಮಾಸ್ಟರ್ ಮುಂದೆ ಈ ಮಾತು ಎತ್ತಬೇಕೆಂದೇ ಮನೆಗೆ ಬಂದೆ. ಬಾಗಿಲಲ್ಲೇ ಕರೆದರು.

"ಬಾ ಇಲ್ಲಿ. ನೋಡು."

ಒಂದು ಎಲೆಯ ತೊಟ್ಟಿನ ತುದಿಗೆ ಬಿಳಿ ದಾರದ ತುಣುಕು ಅಂಟಿದೆ ಎಂದುಕೊಂಡೆ. ಬೇರು. ಇನ್ನೊಂದರಲ್ಲೂ ಸಣ್ಣದಾಗಿ ಮೂಡಿತ್ತು. ಮಾಸ್ಟರ್ ಕಣ್ಣಲ್ಲಿ ನೀರಿತ್ತು. ಮದುವೆಯಾದಾಗಿನಿಂದ ನಾನು ಆ ಮನುಷ್ಯ ಅತ್ತದ್ದನ್ನು ನೋಡಿರಲಿಲ್ಲ.

"ನನ್ನ ಕೈ," ಎಂದರು. ಉಸಿರು ಎಳೆದುಕೊಂಡು ಮತ್ತೆ ಹೇಳಿದರು. "ಕೈ ಹೋಗಿಲ್ಲ. ಕತ್ತರಿಸಿದ್ದು ಬದುಕ್ತು. ಹೊಸ ಎಲೆ ಬರ್ಲಿ. ಅವತ್ತು ನಾನು ಮೇಜಿಗೆ ಬರ್ತೀನಿ."

ಅಳಿಯನ ವಿಷಯ ಎತ್ತದೆ ಬಿಟ್ಟೆ. "ಆಯ್ತು ರೀ, ನಿಮ್ಮ ಜಾಗ ನಿಮಗೇ" ಎಂದೆ. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಆ ಕಡ್ಡಿಯನ್ನು ನಾನೂ ಹಿಡಿದುಕೊಂಡೆ, ಸುಳ್ಳು ಯಾಕೆ ಹೇಳಲಿ. ಮಾವನಿಗೆ ಇನ್ನಷ್ಟು ದಿನ ತಾಳು ಎಂದೆ.

ಬೇರು ಬೆಳೆಯಿತು. ಐದಕ್ಕೂ ಬಂತು, ಬಾಟಲಿಯ ತಳ ಮುಟ್ಟಿತು. ಎಲೆಗಳು ಹೊಳೆಯುತ್ತಿದ್ದವು, ಒಂದೂ ಬಾಡಲಿಲ್ಲ. ಹೊಸ ಎಲೆ ಮಾತ್ರ ಇಲ್ಲ. ಸೆಕೆಗಾಲ ಮುಗಿಯಿತು, ಮಳೆ ಬಂತು, ಹೋಯಿತು. ಮಾಸ್ಟರ್ ಬಾಟಲಿಯನ್ನು ಬಿಸಿಲಿಗೆ ಸರಿಸಿದರು, ನೆರಳಿಗೆ ಸರಿಸಿದರು. ನಾನು ಅಂಗಡಿಯಿಂದ ಬಂದ ಕೂಡಲೇ ಅವರ ಮುಖ ನೋಡುತ್ತಿದ್ದೆ. ಮುಖದಲ್ಲೇ ಉತ್ತರ ಇರುತ್ತಿತ್ತು.

ಒಂದು ದಿನ ಥೆರಪಿ ಹುಡುಗಿ ಮೆಟ್ಟಿಲ ಹತ್ತಿರ ನನ್ನನ್ನು ನಿಲ್ಲಿಸಿದಳು.

"ಅಕ್ಕಾ, ಅವರ ಮುಂದೆ ಹೇಳೋಕಾಗಲ್ಲ. ಬಲಗೈ ಇಷ್ಟೇ. ಭುಜ ಎತ್ತುತ್ತಾರೆ, ಮೊಣಕೈ ಮಡಚ್ತಾರೆ. ಬೆರಳು ಬರಲ್ಲ. ಬರೋದಿದ್ದಿದ್ರೆ ಇಷ್ಟರಲ್ಲಿ ಬಂದಿರೋದು. ಡಾಕ್ಟರೂ ಅದನ್ನೇ ಹೇಳಿದ್ರು."

"ಮತ್ತೆ ನೀನು ಬಂದು ಮಾಡಿಸೋದು ಯಾಕಮ್ಮ?" ಎಂದೆ. ಸಿಟ್ಟು ಅವಳ ಮೇಲಲ್ಲ, ಆದರೆ ಎದುರಿಗಿದ್ದವಳು ಅವಳು.

"ಇರೋದು ಹೋಗದೇ ಇರೋಕೆ. ಬಿಟ್ಟುಬಿಟ್ರೆ ಭುಜನೂ ಬಿಗಿದುಕೊಳ್ಳುತ್ತೆ, ಅಂಗಿ ಹಾಕಿಸೋಕೂ ಆಗಲ್ಲ, ನೋವು ಬೇರೆ. ಈಗ ಅವರು ಮಾಡೋದನ್ನೇ ಬಿಟ್ಟಿದ್ದಾರೆ ಅಕ್ಕಾ. ನಾನು ಕೈ ಹಿಡಿದ್ರೆ ಕಿತ್ಕೋತಾರೆ. ಎಲೆ ಬರಲಿಲ್ಲ, ಇನ್ನೆಂಥ ಕೈ, ಅಂತಾರೆ."

ಒಳಗೆ ಹೋಗಿ ನೋಡಿದರೆ ನಿಜವೇ. ಊಟದ ತಟ್ಟೆ ಮುಟ್ಟದೆ ಹಾಗೆಯೇ ಇತ್ತು. ಮಾಸ್ಟರ್ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು, ಕಿಟಕಿಗೆ ಬೆನ್ನು. ಗಿಡಕ್ಕೆ ಏನೋ ಗೊಬ್ಬರ ಬೇಕಿರಬೇಕು, ಅಷ್ಟೇ ಇರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಮರುದಿನ ಬಾಟಲಿಯಿಂದ ಒಂದು ಎಲೆ ತೆಗೆದು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಬಸ್ ನಿಲ್ದಾಣದ ಹಿಂದೆ ಗಿಡ ಮಾರುವ ಅಜ್ಜಿಯ ಹತ್ತಿರ ಹೋದೆ.

ಅಜ್ಜಿ ಎಲೆಯನ್ನು ತಲೆಕೆಳಗು ಮಾಡಿ ನೋಡಿದಳು. "ಗೆಣ್ಣು ಎಲ್ಲಿ?"

"ಏನು ಗೆಣ್ಣು?"

"ಬಳ್ಳಿ ಮೇಲೆ ಎಲೆ ಬುಡದಲ್ಲಿ ಉಬ್ಬು ಇರುತ್ತಲ್ಲ ಮಗಾ, ಅದು. ಚಿಗುರು ಕೂತಿರೋದೇ ಅದರೊಳಗೆ. ಅದನ್ನ ಬಿಟ್ಟು ಬರೀ ಎಲೆ ಕತ್ತರಿಸಿಕೊಂಡು ಬಂದಿದ್ದೀಯ."

"ಬೇರು ಬಂದಿದೆಯಲ್ಲಜ್ಜಿ. ಎಷ್ಟುದ್ದ ಇದೆ ನೋಡಿ."

"ಬೇರು ಬರುತ್ತೆ. ನೀರು ಕುಡಿಯುತ್ತೆ, ಹಸಿರಾಗೇ ಇರುತ್ತೆ. ವರ್ಷಗಟ್ಟಲೆ ಬೇಕಾದ್ರೂ ಹೀಗೇ ಇರುತ್ತೆ. ಚಿಗುರೋದು ಮಾತ್ರ ಇಲ್ಲ."

"ಗೊಬ್ಬರ ಹಾಕಿದ್ರೆ?"

"ಕುರುಡನ ಕೈಗೆ ಕನ್ನಡಿ ಕೊಟ್ಟ ಹಾಗೆ. ಉಳಿದ ಬಳ್ಳಿ ತಗೊಂಡ್ ಬಾ, ಅದರಿಂದ ಮಾಡಿಕೊಡ್ತೀನಿ."

ಉಳಿದ ಬಳ್ಳಿ. ಚಿಂದಿಯ ಚೀಲ ಹೋಗಿ ಯಾವ ಕಾಲವಾಯಿತು. ನೀಟಾಯ್ತು ಎಂದು ಗುಡಿಸಿದ ಕೈ ಇದೇ. ಆ ಅಂಗಡಿಯ ಮುಂದೆ, ನೂರಾರು ಗಿಡಗಳ ನಡುವೆ, ಆ ಒಂದು ಎಲೆ ಹಿಡಿದುಕೊಂಡು ನಾನು ಇಂಗು ತಿಂದ ಮಂಗನ ಹಾಗೆ ನಿಂತಿದ್ದೆ. ಅಜ್ಜಿಗೆ ಕನಿಕರ ಬಂದಿರಬೇಕು, ಕೂರು ಎಂದು ಸ್ಟೂಲ್ ಕೊಟ್ಟಳು.

ಕೂತಾಗ ಯೋಚನೆ ಬಂತು. ಒಳ್ಳೆಯ ಯೋಚನೆ ಎಂದು ನಾನು ಹೇಳುವುದಿಲ್ಲ. ಮಾಸ್ಟರ್ ಭುಜವಾದರೂ ಉಳಿಯಲಿ, ಆಮೇಲಿನದು ಆಮೇಲೆ ಎಂದುಕೊಂಡೆ. ಅದೇ ಜಾತಿಯ ಬಳ್ಳಿಯಲ್ಲಿ, ಅಷ್ಟೇ ದೊಡ್ಡ ಎಲೆ, ಅದರ ಬುಡದಲ್ಲಿ ಸುರುಳಿ ಬಿಚ್ಚದ ಒಂದು ಹೊಸ ಎಲೆ, ನೀರಿನಲ್ಲೇ ಬೇರು ಬಿಟ್ಟದ್ದು ಬೇಕು ಎಂದೆ. ಅಜ್ಜಿ ಹುಡುಕಿ ಬ್ಲೇಡಿನಲ್ಲಿ ಕತ್ತರಿಸಿ ಕೊಟ್ಟಳು. ಬಣ್ಣ ಹೊಂದಿಸುವುದು ನನಗೇನು ಹೊಸದಲ್ಲ, ಬಟ್ಟೆಗೆ ದಾರ ಹೊಂದಿಸಿದ ಕಣ್ಣು. ಎಲೆಗೆ ಎಲೆ ಹಿಡಿದು ನೋಡಿದೆ, ಪಕ್ಕಾ ಜೋಡಿ.

ಮಾಸ್ಟರ್ ಮಲಗಿದ್ದಾಗ ಬಾಟಲಿಗೆ ಅದನ್ನು ಇಳಿಬಿಟ್ಟೆ. ಒದ್ದೆ ಬಟ್ಟೆಯಲ್ಲಿದ್ದ ಅವರ ಎಲೆಯನ್ನು ಎಸೆಯಲು ಕೈ ಬರಲಿಲ್ಲ. ಒಂದು ಲೋಟದ ನೀರಿನಲ್ಲಿಟ್ಟು ಅಡುಗೆಮನೆಯ ಮೇಲಿನ ಹಲಗೆಯಲ್ಲಿ ಡಬ್ಬಿಗಳ ಹಿಂದೆ ಅಡಗಿಸಿದೆ. ಕಳ್ಳನ ಮನಸ್ಸು ಹುಳ್ಳಹುಳ್ಳಗೆ. ರಾತ್ರಿ ಅವರು ಯಾವಾಗ ಕೆಮ್ಮಿದರೂ ಎದ್ದು ನೋಡುವಂತಾಯಿತು.

ಬೆಳಿಗ್ಗೆ ಅವರ ಕೂಗು ಕೇಳಿ ಓಡಿದೆ. ಮಾಸ್ಟರ್ ಬಾಟಲಿಯ ಮುಂದೆ ಕುರ್ಚಿಯ ಅಂಚಿನಲ್ಲಿ ಕೂತಿದ್ದರು.

"ಬಂತು," ಎಂದರು. "ಬಂತು ಕಣೇ."

ನಾನು ಬಗ್ಗಿ ನೋಡಿದಂತೆ ಮಾಡಿದೆ. "ಹೌದಲ್ರೀ," ಎಂದೆ. ಅವರು ನಗುತ್ತಿದ್ದರು, ಬಾಯಿಯ ಒಂದು ಕಡೆ ಮಾತ್ರ ಮೇಲೇರುವ ನಗು. ತಾವೇ ಕೇಳಿ ತಿಂಡಿ ತಿಂದರು. ಥೆರಪಿ ಹುಡುಗಿ ಬರುವ ಮುಂಚೆಯೇ ಎಡಗೈಯಿಂದ ಬಲಗೈ ಹಿಡಿದು ಎತ್ತಿ ಇಳಿಸಿ ಮಾಡತೊಡಗಿದರು. ನಾನು ಅಂಗಡಿಗೆ ಹೊರಟಾಗ ಕರೆದು ಹೇಳಿದರು.

"ಸಂಜೆ ಕತ್ತರಿ ತಗೊಂಡ್ ಬಾ. ದೊಡ್ಡದು. ಎಣ್ಣೆ ಹಾಕಿ ಇಡ್ತೀನಿ."

ಆ ದಿನ ಅಂಗಡಿಯಲ್ಲಿ ನನಗೆ ನಾನೇ ಅರ್ಥವಾಗಲಿಲ್ಲ. ಒಂದು ಗಳಿಗೆ ಖುಷಿ, ಒಂದು ಗಳಿಗೆ ಭಯ. ಮಾಸ್ಟರ್ ಮೇಜಿಗೆ ಬಂದ ದಿನ ಏನು ಮಾಡುವುದು ಎಂಬ ಪ್ರಶ್ನೆ ಮಷೀನಿನ ಸದ್ದಿನಲ್ಲೂ ಕೇಳುತ್ತಿತ್ತು. ಕಾಜಾ ಮಾವ ಅಳಿಯನ ಮಾತು ತೆಗೆದ, ಬೇರೆ ಅಂಗಡಿಯವರು ಕರೆಯುತ್ತಿದ್ದಾರಂತೆ. ನಾಳೆ ಹೇಳುತ್ತೇನೆ ಎಂದೆ. "ನಿನ್ನ ನಾಳೆಗೆ ಕೊನೆ ಇಲ್ಲಮ್ಮ," ಎಂದು ಅವನು ಸೂಜಿ ಕಚ್ಚಿಕೊಂಡ. ಸಂಜೆ ದೊಡ್ಡ ಕತ್ತರಿಯನ್ನು ಅದರ ಬಟ್ಟೆಯಲ್ಲೇ ಸುತ್ತಿ ಮನೆಗೆ ತಂದೆ.

ಮಾಸ್ಟರ್ ಕಿಟಕಿಯ ಹತ್ತಿರ ಕೂತಿದ್ದರು. ಮುಂದಿನ ಮೇಜಿನ ಮೇಲೆ ಹಳೆಯ ಪೇಪರ್ ಹಾಸಿ, ಐದನ್ನೂ ಬಾಟಲಿಯಿಂದ ತೆಗೆದು ಸಾಲಾಗಿ ಮಲಗಿಸಿದ್ದರು. ಕೊಂಡು ತಂದದ್ದು ಒಂದು ಕಡೆ, ಉಳಿದ ನಾಲ್ಕು ಒಂದು ಕಡೆ. ನಾನು ಕತ್ತರಿಯನ್ನು ಮೇಜಿನ ಮೇಲಿಟ್ಟು ನಿಂತೆ.

ಹೊಸ ಎಲೆಯ ಬಳ್ಳಿಯನ್ನು ಎತ್ತಿ ಅದರ ಕತ್ತರಿಸಿದ ತುದಿಯನ್ನು ನನಗೆ ತೋರಿಸಿದರು.

"ಇದು ನಂದಲ್ಲ."

"ಅಯ್ಯೋ, ನಿಮ್ಮದೇ. ಇನ್ಯಾರದು..."

"ನಂದು ಇಷ್ಟು ಸಾಫ್ ಇರಲ್ಲ," ಎಂದರು.

ಉಳಿದ ನಾಲ್ಕರ ತುದಿಗಳನ್ನು ನಾನು ಆಗ ನೋಡಿದೆ. ನಾಲ್ಕೂ ಜಜ್ಜಿ, ಸೀಳಿ, ಹಲ್ಲಲ್ಲಿ ಅಗಿದ ಹಾಗೆ. ನಾನು ಹೊಲಿಯುವವಳು, ಬಣ್ಣ ನೋಡಿದ್ದೆ, ಮೇಲ್ಮೈ ನೋಡಿದ್ದೆ. ಅವರು ಅಂಚು ನೋಡುವವರು. ಒಂದು ಕಾಲದಲ್ಲಿ ಬೇರೆಯವರ ಕೆಲಸ ಒರಟಾಗಿದೆ ಎಂದು ತಮ್ಮದಲ್ಲ ಎನ್ನುತ್ತಿದ್ದ ಮನುಷ್ಯ, ಈಗ ನಯವಾಗಿದೆ ಎಂದು ತಮ್ಮದಲ್ಲ ಎನ್ನುತ್ತಿದ್ದರು.

"ನಂದು ಎಲ್ಲಿ?"

ಅಡುಗೆಮನೆಗೆ ಹೋಗಿ ಡಬ್ಬಿಗಳನ್ನು ಸರಿಸಿ ಲೋಟ ತಂದೆ. ಮಾಸ್ಟರ್ ತಮ್ಮ ಎಲೆಯನ್ನು ತೆಗೆದು ನಾಲ್ಕರ ಪಕ್ಕ ಇಟ್ಟರು. ಬೈಯುತ್ತಾರೆ ಎಂದು ಕಾದೆ, ಬೈದಿದ್ದರೆ ಚೆನ್ನಾಗಿರುತ್ತಿತ್ತು. ಕೊನೆಗೆ ನಾನೇ ಎಲ್ಲ ಹೇಳಿದೆ. ಗೆಣ್ಣು, ಅದರೊಳಗೆ ಕೂತ ಚಿಗುರು, ನಾವಿಬ್ಬರೂ ಸೇರಿ ನೀಟಾಗಿ ತೆಗೆದು ಬಿಸಾಕಿದ್ದು, ಅಜ್ಜಿಯ ಮಾತು, ಕಾಜಾ ಮಾವ ತನ್ನ ಅಳಿಯನನ್ನು ಕಟಿಂಗಿಗೆ ಕರೆಯುತ್ತೇನೆಂದದ್ದು. ಅವರು ಎಲೆಗಳನ್ನು ನೋಡುತ್ತಲೇ ಕೇಳಿಸಿಕೊಂಡರು.

"ಸಾಯಲ್ವಾ?"

"ಸಾಯಲ್ಲ."

"ಬೆಳೆಯೋದೂ ಇಲ್ಲ."

"ಇಲ್ಲ ರೀ."

ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಪೇಪರಿನ ಮೇಲೆ, ಐದು ಎಲೆಗಳ ಪಕ್ಕದಲ್ಲಿ ಮಲಗಿಸಿದರು.

"ಆ ಹುಡುಗಿ ಮೆಟ್ಟಿಲ ಹತ್ತಿರ ಏನು ಹೇಳಿದ್ಲು? ನಿಮ್ಮ ದನಿ ಕೇಳ್ತಿತ್ತು."

ನನಗೆ ಸುಳ್ಳು ಹೇಳಲು ಬರುತ್ತದೆ, ಬೆಳಿಗ್ಗೆ ತಾನೇ ಹೇಳಿದ್ದೆ. ಆ ಹೊತ್ತಿಗೆ ಬರಲಿಲ್ಲ. ನಿಜ ಹೇಳಲೂ ಬರಲಿಲ್ಲ. ಬಾಟಲಿ ತೆಗೆದುಕೊಂಡು ಹೋಗಿ ನೀರು ತುಂಬಿಸಿ ತಂದೆ. ಅವರು ತಮ್ಮ ಐದು ಎಲೆಗಳನ್ನು ಒಂದೊಂದಾಗಿ ಅದರೊಳಗೆ ಇಳಿಬಿಟ್ಟರು. ಕೊಂಡು ತಂದದ್ದನ್ನು ನನ್ನ ಕೈಗೆ ಕೊಟ್ಟರು.

"ಇದನ್ನ ಅಂಗಡಿಗೆ ತಗೊಂಡ್ ಹೋಗು. ಡಬ್ಬಿಗೆ ನೆಡು. ಅಳಿಯನಿಗೆ ಬರೋಕೆ ಹೇಳು."

"ನಿಮ್ಮ ಜಾಗ ರೀ ಅದು," ಎಂದೆ.

"ಬರೋಕೆ ಹೇಳು," ಎಂದರು ಮತ್ತೆ. ಕತ್ತರಿ ಬಟ್ಟೆಯೊಳಗೇ ಇತ್ತು, ಎಣ್ಣೆ ಬಾಟಲಿಯ ಮುಚ್ಚಳವನ್ನು ಇಬ್ಬರೂ ತೆಗೆಯಲಿಲ್ಲ.

ಬೆಳಿಗ್ಗೆ ನನಗೆ ಎಚ್ಚರವಾಗುವುದು ತಡವಾಯಿತು. ಅಡುಗೆಮನೆಗೆ ಹೋದರೆ ಒಲೆಯ ಪಕ್ಕ ಪಾತ್ರೆಯಲ್ಲಿ ಹಾಲು ಸುರಿದಿಟ್ಟಿತ್ತು, ಕಟ್ಟೆಯ ಮೇಲೂ ಒಂದಷ್ಟು ಚೆಲ್ಲಿತ್ತು. ಖಾಲಿ ಪ್ಯಾಕೆಟ್ ಅಲ್ಲೇ ಬಿದ್ದಿತ್ತು. ಅದರ ಮೂಲೆ ಇಲಿ ಕಡಿದ ಹಾಗೆ ಸೊಟ್ಟ ಸೊಟ್ಟ ಹರಿದಿತ್ತು. ಸೌಟು ತೂಗುಹಾಕುವ ಮೊಳೆಗೆ, ಸೌಟಿನ ಪಕ್ಕ, ಮಾಸ್ಟರ್ ಅಪ್ಪನ ಕಾಲದ ಆ ಕರಿ ಹಿಡಿಯ ದೊಡ್ಡ ಕತ್ತರಿ ತೂಗುತ್ತಿತ್ತು. ಅದರ ಅಲಗಿನಿಂದ ಹಾಲು ತೊಟ್ಟಿಕ್ಕುತ್ತಿತ್ತು.

ನಾನು ಸೆರಗು ಬಾಯಿಗೆ ತುರುಕಿಕೊಂಡು ಅತ್ತೆ. ಲಕ್ವ ಹೊಡೆದ ದಿನವೂ ಅಷ್ಟು ಅತ್ತಿರಲಿಲ್ಲ. ಅಲಗನ್ನು ಒರೆಸಿ, ಅದರ ಬಟ್ಟೆಯಲ್ಲಿ ಸುತ್ತಿಡಲು ಮೊಳೆಯಿಂದ ತೆಗೆಯುತ್ತಿದ್ದಾಗ ಹಿಂದಿನಿಂದ ಮಾಸ್ಟರ್ ದನಿ ಬಂತು. ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದರು, ಅಂಗಿಯ ಮುಂಭಾಗವೆಲ್ಲ ಹಾಲು.

"ಅಲ್ಲೇ ಇರ್ಲಿ," ಎಂದರು. "ಅಡುಗೆಮನೆಗೆ ಒಂದು ಬೇಕು ಅಂತಿದ್ಯಲ್ಲ."

ನಾನು ಕತ್ತರಿಯನ್ನು ಮತ್ತೆ ಮೊಳೆಗೆ ಹಾಕಿದೆ. ಅವರು ಕಾಲೆಳೆದುಕೊಂಡು ಕಿಟಕಿಯ ಕಡೆ ಹೋದರು. ನಾನು ಚೆಲ್ಲಿದ್ದನ್ನು ಒರೆಸಿ, ಉಳಿದ ಹಾಲನ್ನು ಕಾಯಲು ಇಟ್ಟೆ.